ಶೋಧಗಂಗಾ: ಕಾರ್ಪೊರೇಟ್ ಫೈನಾನ್ಸ್‌ನಲ್ಲಿ ಪಿಎಚ್‌ಡಿ ವಿಷಯ ಹುಡುಕುವವರಿಗೆ ಎಷ್ಟು ಉಪಯೋಗ?

ಕಾಮರ್ಸ್‌ನಲ್ಲಿ ಪಿಎಚ್‌ಡಿಗೆ ಹೊರಟವರು ಶೋಧಗಂಗಾ ತೆರೆದು ನೋಡದೆ ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ಬರೆಯಬೇಡಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಟ್ಟೆ. ನಾನು ಬೆಳಗಾವಿಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಜೊತೆಗೆ ಪಾರ್ಟ್ ಟೈಮ್ ಪಿಎಚ್‌ಡಿ. ಕಾರ್ಪೊರೇಟ್ ಫೈನಾನ್ಸ್‌ನಲ್ಲಿ ನನ್ನ ವಿಷಯ ಈಗ ಗಟ್ಟಿಯಾಗಿದೆ. ಅದು ಗಟ್ಟಿಯಾಗಿದ್ದರಲ್ಲಿ ಈ ತಾಣದ ಪಾಲು ದೊಡ್ಡದು. ಹಾಗಾಗಿ ಇದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಹೇಗೆ ಬಳಸಿದರೆ ಕೆಲಸಕ್ಕೆ ಬರುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಭಾರತದ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಪಿಎಚ್‌ಡಿ ಥೀಸಿಸ್‌ಗಳನ್ನು ಒಂದೇ ಕಡೆ ಇಟ್ಟಿರುವ ಜಾಗ ಶೋಧಗಂಗಾ. ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. 2009ರ ಯುಜಿಸಿ ನಿಯಮ ಬಂದ ಮೇಲೆ ಥೀಸಿಸ್‌ನ ಎಲೆಕ್ಟ್ರಾನಿಕ್ ಪ್ರತಿ ಕೊಡುವುದು ಕಡ್ಡಾಯವಾಯಿತು. ಈಗ ಲಕ್ಷಗಟ್ಟಲೆ ಥೀಸಿಸ್ ಇವೆ. ಕಾಸು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಕಾಲೇಜಿನ ನೆಟ್‌ವರ್ಕೇ ಆಗಬೇಕು ಅಂತಿಲ್ಲ. ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲೂ ತೆರೆಯುತ್ತದೆ. ಕೆಲಸ, ಮನೆ, ಮಕ್ಕಳ ನಡುವೆ ಪಿಎಚ್‌ಡಿ ಮಾಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಮಾಡುತ್ತಿರುವವರಿಗೇ ಗೊತ್ತು. ಕನ್ನಡದಲ್ಲೇ ಬರೆದ ಥೀಸಿಸ್‌ಗಳೂ ಇಲ್ಲಿ ಬೇಕಾದಷ್ಟಿವೆ. ಕಾಮರ್ಸ್‌ನವು ಮಾತ್ರ ಬಹುಪಾಲು ಇಂಗ್ಲಿಷ್‌ನಲ್ಲೇ ಇವೆ.

ಈಗ ವಿಷಯಕ್ಕೆ ಬರೋಣ. ಕಾರ್ಪೊರೇಟ್ ಫೈನಾನ್ಸ್ ಅಂದರೆ ಕಂಪನಿ ದುಡ್ಡನ್ನು ಎಲ್ಲಿಂದ ತರುತ್ತದೆ, ಎಲ್ಲಿ ಹಾಕುತ್ತದೆ, ಲಾಭವನ್ನು ಹೇಗೆ ಹಂಚುತ್ತದೆ, ದಿನದ ವ್ಯವಹಾರಕ್ಕೆ ಎಷ್ಟು ಕೈಯಲ್ಲಿ ಇಟ್ಟುಕೊಳ್ಳುತ್ತದೆ (ವರ್ಕಿಂಗ್ ಕ್ಯಾಪಿಟಲ್). ಕೇಳಲು ನಾಲ್ಕೇ ಮಾತು. ಆದರೆ ಒಂದೊಂದರ ಒಳಗೂ ಸಮುದ್ರ. ನಮ್ಮ ಕಡೆ ಹೆಚ್ಚಿನವರು "ಭಾರತದ ಆಯ್ದ ಕಂಪನಿಗಳಲ್ಲಿ ವರ್ಕಿಂಗ್ ಕ್ಯಾಪಿಟಲ್ ನಿರ್ವಹಣೆ: ಒಂದು ಅಧ್ಯಯನ" ಅನ್ನುವಂಥ ಶೀರ್ಷಿಕೆ ಇಟ್ಟುಕೊಂಡು ಗೈಡ್ ಮುಂದೆ ಹೋಗುತ್ತಾರೆ. ನಮ್ಮ ಗೈಡ್ ಸರ್ ಇಂಥ ಶೀರ್ಷಿಕೆ ಯಾರು ತಂದರೂ ಒಂದೇ ಮಾತು ಹೇಳುತ್ತಾರೆ: "ಇದು ಟಾಪಿಕ್ ಅಲ್ರೀ, ಎಂ.ಕಾಂ. ಸಿಲಬಸ್ ಇದು. ನಿಮ್ಮ ಪ್ರಶ್ನೆ ಏನು ಹೇಳ್ರಿ." ಪ್ರಶ್ನೆ ಅಂದರೆ ಉತ್ತರ "ಹೌದು" ಅಥವಾ "ಇಲ್ಲ" ಅಂತ ಬರುವಷ್ಟು ಸಣ್ಣದಿರಬೇಕು. ಅಂಥ ಪ್ರಶ್ನೆ ಹುಡುಕಲು ಶೋಧಗಂಗಾ ಹೇಗೆ ನೆರವಾಗುತ್ತದೆ ಅನ್ನುವುದೇ ಈ ಬರಹದ ತಿರುಳು.

ಹುಡುಕುವ ರೀತಿ ಮುಖ್ಯ. ಸುಮ್ನೆ "ಡಿವಿಡೆಂಡ್" (ಷೇರುದಾರರಿಗೆ ಹಂಚುವ ಲಾಭ) ಅಥವಾ "ಕ್ಯಾಪಿಟಲ್ ಸ್ಟ್ರಕ್ಚರ್" (ಕಂಪನಿಯಲ್ಲಿ ಸಾಲ ಎಷ್ಟು, ಸ್ವಂತ ಬಂಡವಾಳ ಎಷ್ಟು ಅನ್ನುವುದು) ಅಂತ ಹಾಕಿದರೆ ಫಲಿತಾಂಶ ಪುಟಗಟ್ಟಲೆ ಬರುತ್ತದೆ. ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ, ಹೀಗೆ ಹಂತ ಹಂತವಾಗಿಯೂ ಇಳಿಯಬಹುದು. ಎರಡೂ ಮಾಡಿ. ಮೊದಲ ದಾರಿಯಲ್ಲಿ ದೇಶದಲ್ಲಿ ಏನಾಗಿದೆ ಅಂತ ಗೊತ್ತಾಗುತ್ತದೆ. ಎರಡನೆಯದರಲ್ಲಿ ನಿಮ್ಮದೇ ವಿಭಾಗದಲ್ಲಿ, ನಿಮ್ಮದೇ ಗೈಡ್ ಕೈಕೆಳಗೆ ಏನು ನಡೆದಿದೆ ಅಂತ ಕಾಣುತ್ತದೆ. ಎರಡನೆಯದು ಡಿಆರ್‌ಸಿ (ಪಿಎಚ್‌ಡಿ ವಿಷಯಕ್ಕೆ ಒಪ್ಪಿಗೆ ಕೊಡುವ ಸಮಿತಿ) ಎದುರು ಕೂರುವ ಮೊದಲು ಗೊತ್ತಿರಲೇಬೇಕು.

ಒಂದು ಥೀಸಿಸ್ ತೆರೆದರೆ ಅಧ್ಯಾಯಕ್ಕೊಂದು ಪಿಡಿಎಫ್ ಕಾಣುತ್ತದೆ. ಎಲ್ಲ ಇಳಿಸಿಕೊಂಡು ಮೊದಲಿನಿಂದ ಓದಲು ಕೂತರೆ ವಿಷಯ ಹುಡುಕುವಷ್ಟರಲ್ಲಿ ನೋಂದಣಿಯ ಅವಧಿ ಮುಗಿಯುತ್ತದೆ. ನಾನು ಓದುವ ಕ್ರಮ ಬೇರೆ. ಎಷ್ಟೋ ಥೀಸಿಸ್‌ಗಳಲ್ಲಿ ಕೊನೆಗೆ 80ರ ಅಂಕಿಯಿಂದ ಶುರುವಾಗುವ "ರೆಕಮೆಂಡೇಶನ್" ಅನ್ನುವ ಫೈಲ್ ಇರುತ್ತದೆ. ಅದನ್ನು ಮೊದಲು ತೆರೆಯುತ್ತೇನೆ. ಸಾಮಾನ್ಯವಾಗಿ ಶೀರ್ಷಿಕೆ ಪುಟ ಮತ್ತು ಕೊನೆಯ ಅಧ್ಯಾಯ ಅದರಲ್ಲಿರುತ್ತವೆ. ಅಲ್ಲಿ "ಮುಂದಿನ ಸಂಶೋಧನೆಗೆ ಅವಕಾಶ" ಅನ್ನುವ ಭಾಗ ಓದುತ್ತೇನೆ. ಆಮೇಲೆ ರಿಸರ್ಚ್ ಮೆಥಡಾಲಜಿ ಇರುವ ಅಧ್ಯಾಯಕ್ಕೆ ಹೋಗಿ ಮೂರು ಸಂಗತಿ ಬರೆದುಕೊಳ್ಳುತ್ತೇನೆ: ಯಾವ ಕಂಪನಿಗಳು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಅಂಕಿ-ಅಂಶ ಎಲ್ಲಿಂದ ತಂದರು. ಥಿಯರಿ ಅಧ್ಯಾಯ ಸದ್ಯಕ್ಕೆ ಬೇಡ. ಕ್ಯಾಪಿಟಲ್ ಸ್ಟ್ರಕ್ಚರ್ ಮೇಲಿನ ಯಾವ ಥೀಸಿಸ್ ತೆರೆದರೂ 1958ರ ಮೊದಿಗ್ಲಿಯಾನಿ-ಮಿಲ್ಲರ್ ಸಿದ್ಧಾಂತದಿಂದ ಶುರುವಾಗಿ 1984ರ ಪೆಕಿಂಗ್ ಆರ್ಡರ್ ಸಿದ್ಧಾಂತಕ್ಕೆ ಬಂದೇ ಬರುತ್ತದೆ. ಅದನ್ನು ಆಮೇಲೆ ಮೂಲ ಲೇಖನಗಳಲ್ಲೇ ಓದಿಕೊಳ್ಳುವುದು ಒಳ್ಳೆಯದು.

ಹೀಗೆ ಬರೆದುಕೊಂಡ ಪಟ್ಟಿಯಲ್ಲಿ ನನ್ನ ಕಣ್ಣು ನಿಂತಿದ್ದು ಎರಡನೇ ಸಂಗತಿಯ ಮೇಲೆ. ಪ್ರತಿ ಥೀಸಿಸ್‌ಗೂ ಒಂದು ಕೊನೆಯ ವರ್ಷ ಇರುತ್ತದೆ. ಒಬ್ಬರು 2012ಕ್ಕೆ ನಿಲ್ಲಿಸಿದ್ದಾರೆ, ಇನ್ನೊಬ್ಬರು 2017ಕ್ಕೆ. ಆ ವರ್ಷದ ನಂತರ ಕಾನೂನಿನಲ್ಲಿ ಏನು ಬದಲಾಯಿತು? ಈ ಪ್ರಶ್ನೆ ಕೇಳಿದ ಕೂಡಲೇ ಬಾಗಿಲು ತೆರೆಯುತ್ತದೆ. ಹಳೆಯ ಥೀಸಿಸ್ ನೋಡಲು ಸಾಧ್ಯವೇ ಇರದಿದ್ದ ಒಂದು ಬದಲಾವಣೆ, ಆ ಬದಲಾವಣೆಯ ತಾರೀಖು, ಅದು ತಟ್ಟಿದ ಕಂಪನಿಗಳು ಒಂದು ಗುಂಪು, ತಟ್ಟದ ಕಂಪನಿಗಳು ಇನ್ನೊಂದು ಗುಂಪು. ಇಷ್ಟು ಸಿಕ್ಕರೆ "ಒಂದು ಅಧ್ಯಯನ" ಅನ್ನುವ ಶೀರ್ಷಿಕೆ ತಾನಾಗಿ ಬಿದ್ದುಹೋಗುತ್ತದೆ.

ಡಿವಿಡೆಂಡ್ ಉದಾಹರಣೆ ತೆಗೆದುಕೊಳ್ಳಿ. ಇದರ ಮೇಲೆ ಶೋಧಗಂಗಾದಲ್ಲಿ ಥೀಸಿಸ್‌ಗೆ ಬರವಿಲ್ಲ. ಎಷ್ಟೋ ಮಂದಿ ಲಾಭ, ಸಾಲ, ಕಂಪನಿಯ ಗಾತ್ರ ಇಟ್ಟುಕೊಂಡು ಡಿವಿಡೆಂಡ್‌ಗೆ ಕಾರಣ ಹುಡುಕಿದ್ದಾರೆ. ಆದರೆ 2020ರ ಏಪ್ರಿಲ್ 1ರಿಂದ ಡಿವಿಡೆಂಡ್ ಡಿಸ್ಟ್ರಿಬ್ಯೂಷನ್ ಟ್ಯಾಕ್ಸ್ ಹೋಯಿತು. 1997ರಲ್ಲಿ ಬಂದ ತೆರಿಗೆ ಅದು. ಅಲ್ಲಿಯವರೆಗೆ ಹಂಚುವ ಕಂಪನಿಯೇ ತೆರಿಗೆ ಕಟ್ಟುತ್ತಿತ್ತು. ಈಗ ಪಡೆಯುವವರು ತಮ್ಮ ತಮ್ಮ ಸ್ಲ್ಯಾಬ್ ಪ್ರಕಾರ ಕಟ್ಟಬೇಕು. ಸಣ್ಣ ಷೇರುದಾರರಿಗೆ ಹಗುರವಾಯಿತು, ಮೇಲಿನ ಸ್ಲ್ಯಾಬಿನ ಪ್ರಮೋಟರ್‌ಗೆ (ಕಂಪನಿಯ ಮೇಲೆ ಹಿಡಿತ ಇರುವ ಮಾಲೀಕರಿಗೆ) ಭಾರವಾಯಿತು. ಪ್ರಮೋಟರ್ ಕುಟುಂಬ ಷೇರುಗಳನ್ನು ತಮ್ಮ ಹೆಸರಲ್ಲೇ ಇಟ್ಟುಕೊಂಡಿದ್ದರೆ ಒಂದು ಲೆಕ್ಕ. ಹೋಲ್ಡಿಂಗ್ ಕಂಪನಿ ಮೂಲಕ ಇಟ್ಟಿದ್ದರೆ ಇನ್ನೊಂದು ಲೆಕ್ಕ. ಯಾಕೆಂದರೆ ಅದೇ ವರ್ಷ ತಂದ 80ಎಂ ಕಲಂ ಪ್ರಕಾರ, ಕಂಪನಿ ತನಗೆ ಬಂದ ಡಿವಿಡೆಂಡನ್ನು ಮುಂದೆ ಹಂಚಿದರೆ ಅಷ್ಟಕ್ಕೆ ಕಡಿತ ಸಿಗುತ್ತದೆ. ಹಾಗಾದರೆ 2020ರ ನಂತರ ಮೊದಲ ಗುಂಪಿನ ಕಂಪನಿಗಳು ಎರಡನೇ ಗುಂಪಿಗಿಂತ ಡಿವಿಡೆಂಡ್ ಕಡಿಮೆ ಮಾಡಿದವೇ? ಇದು ಪ್ರಶ್ನೆ. ಷೇರು ಹಿಡುವಳಿಯ ವಿವರ ಮೂರು ತಿಂಗಳಿಗೊಮ್ಮೆ ಬಿಎಸ್ಇ, ಎನ್ಎಸ್ಇ ತಾಣಗಳಲ್ಲಿ ಬರುತ್ತದೆ. ಡಿವಿಡೆಂಡ್ ವಿವರವೂ ಅಲ್ಲೇ ಇದೆ. ಎರಡೂ ಪುಕ್ಕಟೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 2020ರ ಏಪ್ರಿಲ್ ಅಂದರೆ ಲಾಕ್‌ಡೌನ್. ಡಿವಿಡೆಂಡ್ ಇಳಿದಿದ್ದು ತೆರಿಗೆಯಿಂದಲೋ ಕೋವಿಡ್‌ನಿಂದಲೋ ಅಂತ ವೈವಾದಲ್ಲಿ ಕೇಳದ ಪರೀಕ್ಷಕರು ಇರುವುದಿಲ್ಲ. ಎರಡು ಗುಂಪುಗಳನ್ನು ಹೋಲಿಸುವುದು ಅದಕ್ಕೇ. ಕೋವಿಡ್ ಎರಡೂ ಗುಂಪಿಗೆ ತಟ್ಟಿದೆ, ತೆರಿಗೆಯ ಭಾರ ಮಾತ್ರ ಬೇರೆ ಬೇರೆ. ಬ್ಯಾಂಕುಗಳನ್ನು ಸ್ಯಾಂಪಲ್‌ನಿಂದ ಬಿಡಬೇಕು, ಯಾಕೆಂದರೆ 2020ರ ಏಪ್ರಿಲ್‌ನಲ್ಲಿ ಆರ್‌ಬಿಐ ಅವುಗಳ ಡಿವಿಡೆಂಡನ್ನೇ ತಡೆದಿತ್ತು. ಬಜೆಟ್ ಘೋಷಣೆ ಆಗಿದ್ದು ಫೆಬ್ರವರಿ 1ಕ್ಕೆ. ಮಾರ್ಚ್ ಮುಗಿಯುವ ಮೊದಲೇ ಮಧ್ಯಂತರ ಡಿವಿಡೆಂಡ್ ಕೊಟ್ಟ ಕಂಪನಿಗಳಿದ್ದವು, ಅವುಗಳನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ತಲೆನೋವಾ ಅನ್ನಬೇಡಿ. ಈ ತಲೆನೋವೇ ನಿಮ್ಮ ಮೂರನೇ ಅಧ್ಯಾಯ, ಅಂದರೆ ಮೆಥಡಾಲಜಿ.

ಡಿವಿಡೆಂಡ್‌ನಲ್ಲೇ ಇನ್ನೊಂದು ತಾರೀಖಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಲಿಸ್ಟೆಡ್ ಕಂಪನಿಗಳು ತಮ್ಮ ಡಿವಿಡೆಂಡ್ ನೀತಿಯನ್ನು ಬರೆದು ಪ್ರಕಟಿಸಬೇಕು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2016ರ ಜುಲೈನಲ್ಲಿ ಹೇಳಿತು. ಅದು 43ಎ ನಿಯಮ. 2021ರ ಮೇನಲ್ಲಿ ಅದನ್ನು ಮೊದಲ 1000ಕ್ಕೆ ಹಿಗ್ಗಿಸಿತು. 501ರಿಂದ 1000ರವರೆಗಿನ ಕಂಪನಿಗಳು ಹೊಸದಾಗಿ ಒಳಗೆ ಬಂದವು. 1001ರ ಆಚೆಯವು ಹೊರಗೇ ಉಳಿದವು. 1000ದ ಗೆರೆಗೆ ಹತ್ತಿರ ಆಚೀಚೆ ಇರುವ ಕಂಪನಿಗಳನ್ನು ಹೋಲಿಸಿದರೆ ಬರೆದಿಟ್ಟ ನೀತಿಯಿಂದ ನಡತೆ ಬದಲಾಗುತ್ತದೆಯೇ ಅಂತ ನೋಡಬಹುದು. ಸಾಲದ ಕಡೆಗೂ ಇಂಥದ್ದಿದೆ. 2018ರ ನವೆಂಬರ್‌ನ ಸೆಬಿ ಸುತ್ತೋಲೆ ಪ್ರಕಾರ 100 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ದೀರ್ಘಾವಧಿ ಸಾಲ ಮತ್ತು ಡಬಲ್ ಎ ಅಥವಾ ಮೇಲಿನ ರೇಟಿಂಗ್ ಇರುವ ಲಿಸ್ಟೆಡ್ ಕಂಪನಿಗಳು ಹೊಸ ಸಾಲದ ಶೇ. 25ನ್ನು ಬಾಂಡ್ ಮೂಲಕ ಎತ್ತಬೇಕಿತ್ತು. 2023ರಲ್ಲಿ ಆ ಮಿತಿಯನ್ನು 1000 ಕೋಟಿಗೆ ಏರಿಸಿದರು. ನಡುವೆ ಸಿಕ್ಕಿ ಆಮೇಲೆ ಬಿಡುಗಡೆಯಾದ ಕಂಪನಿಗಳು ಮತ್ತೆ ಬ್ಯಾಂಕಿಗೇ ಹೋದವೇ? ಕ್ಯಾಪಿಟಲ್ ಸ್ಟ್ರಕ್ಚರ್ ಮೇಲೆ ಆಸಕ್ತಿ ಇರುವವರು ಯಾರಾದರೂ ಇದನ್ನು ಎತ್ತಿಕೊಂಡರೆ ನನಗೆ ಸಂತೋಷ.

ನನ್ನ ವಿಷಯ ಬಂದಿದ್ದು ವರ್ಕಿಂಗ್ ಕ್ಯಾಪಿಟಲ್‌ನಿಂದ. ಬೆಳಗಾವಿಯಲ್ಲಿ ಉದ್ಯಮಬಾಗದ ಕಡೆ ಹೋದರೆ ಫೌಂಡ್ರಿಗಳು ಸಾಲಾಗಿವೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರ ಮನೆಯವರು ಅಲ್ಲಿಯೇ ದುಡಿಯುತ್ತಾರೆ, ಕೆಲವರದು ಸ್ವಂತ ಸಣ್ಣ ಘಟಕ. ದೊಡ್ಡ ಕಂಪನಿಗಳಿಗೆ ಎರಕದ ಮಾಲು ಕೊಡುತ್ತಾರೆ. "ಮಾಲ್ ಕೊಟ್ಟ ಮ್ಯಾಲೆ ರೊಕ್ಕಕ್ಕ ಮೂರು ತಿಂಗಳು ಕಾಯಬೇಕ್ರೀ ಮೇಡಂ" ಅನ್ನುವುದು ಅಲ್ಲಿ ನಾನು ಯಾವಾಗಲೂ ಕೇಳುವ ಮಾತು. ಶೋಧಗಂಗಾದಲ್ಲಿ ವರ್ಕಿಂಗ್ ಕ್ಯಾಪಿಟಲ್ ಥೀಸಿಸ್‌ಗಳನ್ನು ತೆರೆಯುತ್ತಾ ಹೋದಾಗ, ನಾನು ಓದಿದವೆಲ್ಲ ದೊಡ್ಡ ಕಂಪನಿಯ ಕಡೆಯಿಂದಲೇ ನೋಡಿದ್ದವು. ಸರಬರಾಜುದಾರರಿಗೆ ತಡವಾಗಿ ಕೊಟ್ಟರೆ ಕಂಪನಿಯ ಲಾಭ ಹೇಗೆ ಏರುತ್ತದೆ ಅಂತ ಅನುಪಾತಗಳ ಲೆಕ್ಕ. ಕಾಯುವವನು ಆ ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಅವುಗಳ ಕೊನೆಯ ವರ್ಷದ ನಂತರ ಏನಾಯಿತು? 2023ರ ಫೈನಾನ್ಸ್ ಆ್ಯಕ್ಟ್, 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿತು. ಮೈಕ್ರೋ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಕಾನೂನಿನ ಗಡುವಿನೊಳಗೆ ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚು ಅಂತ ತೋರಿಸಬಹುದು. ಗಡುವು, ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. 2023-24ರ ಹಣಕಾಸು ವರ್ಷದಿಂದಲೇ ಇದು ತಟ್ಟಿತು. ಮಧ್ಯಮ ಉದ್ಯಮಕ್ಕೆ ಈ ರಕ್ಷಣೆ ಇಲ್ಲ. ಅಂದರೆ ನನಗೆ ತಾರೀಖೂ ಸಿಕ್ಕಿತು, ಎರಡು ಗುಂಪೂ ಸಿಕ್ಕಿತು.

ಅಂಕಿ-ಅಂಶ ಇದೆಯೇ ಅನ್ನುವುದು ಮುಂದಿನ ಪ್ರಶ್ನೆ. ಅದೂ ಇದೆ. ಕಂಪನಿ ಕಾಯ್ದೆಯ ಶೆಡ್ಯೂಲ್ 3ಕ್ಕೆ 2021ರ ಮಾರ್ಚ್‌ನಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಕಂಪನಿಗಳು ಕೊಡಬೇಕಾದ ಬಾಕಿಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ಎಂಎಸ್ಎಂಇ (ಮೈಕ್ರೋ, ಸಣ್ಣ, ಮಧ್ಯಮ ಉದ್ಯಮ) ಬಾಕಿಯನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಆ ಪಟ್ಟಿಯಲ್ಲಿ ಮೊದಲ ಕಾಲಂ "ಒಂದು ವರ್ಷಕ್ಕಿಂತ ಕಡಿಮೆ" ಅಂತ ಇರುವುದರಿಂದ 45 ದಿನದ ಗೆರೆ ಅದರಲ್ಲಿ ಕಾಣುವುದಿಲ್ಲ. ಆದರೆ 2006ರ ಎಂಎಸ್ಎಂಇಡಿ ಕಾಯ್ದೆಯ 22ನೇ ಕಲಂ ಕೇಳುವ ಟಿಪ್ಪಣಿಯೂ ವಾರ್ಷಿಕ ವರದಿಯಲ್ಲಿ ಇರುತ್ತದೆ. ವರ್ಷದ ಕೊನೆಗೆ ಉಳಿದ ಅಸಲು ಎಷ್ಟು, ತಡವಾಗಿದ್ದಕ್ಕೆ ಬಡ್ಡಿ ಎಷ್ಟು ಅಂತ ಅಲ್ಲಿ ಬರೆಯಬೇಕು. ಎರಡನ್ನೂ ಸೇರಿಸಿ ಓದಿದರೆ ಚಿತ್ರ ಕಾಣುತ್ತದೆ. ಹಾಗಾಗಿ ನನ್ನ ಪ್ರಶ್ನೆ ಈಗ ಹೀಗಿದೆ: 43ಬಿ(ಎಚ್) ಬಂದ ಮೇಲೆ ಲಿಸ್ಟೆಡ್ ಆಟೋ ಬಿಡಿಭಾಗ ಕಂಪನಿಗಳು ಸಣ್ಣ ಸರಬರಾಜುದಾರರಿಗೆ ಇಟ್ಟುಕೊಳ್ಳುತ್ತಿದ್ದ ಬಾಕಿ ಕಡಿಮೆಯಾಯಿತೇ? ಆಗಿದ್ದರೆ ಆ ದುಡ್ಡು ಎಲ್ಲಿಂದ ಬಂತು, ಬ್ಯಾಂಕಿನ ಅಲ್ಪಾವಧಿ ಸಾಲದಿಂದಲೋ, ಉಳಿದ ಸರಬರಾಜುದಾರರನ್ನು ಇನ್ನಷ್ಟು ಕಾಯಿಸಿದ್ದರಿಂದಲೋ? ಗೈಡ್ ಸರ್ ಇದನ್ನು ಓದಿ, "ಈಗ ಆತು ನೋಡ್ರಿ" ಅಂದರು. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ವಹಿವಾಟು ಮಿತಿಯನ್ನು 50 ಕೋಟಿಯಿಂದ 100 ಕೋಟಿಗೆ ಏರಿಸಿದ್ದಾರೆ. ನಿನ್ನೆಯವರೆಗೆ ಮಧ್ಯಮ ಅನಿಸಿಕೊಂಡಿದ್ದ ಎಷ್ಟೋ ಘಟಕಗಳು ಈಗ ಸಣ್ಣ ಉದ್ಯಮದ ಸಾಲಿಗೆ ಬಂದಿವೆ. ನನ್ನ ನಂತರ ಬರುವ ಸಂಶೋಧಕರಿಗೆ ಅದೂ ಒಂದು ತಾರೀಖು.

ಇನ್ನು ಶೋಧಗಂಗಾ ಏನು ಕೊಡುವುದಿಲ್ಲ ಅನ್ನುವುದು. ಹೊಸ ಕಾನೂನು, ಹೊಸ ತಾರೀಖು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಸೆಬಿ ಸುತ್ತೋಲೆ, ಬಜೆಟ್‌ನ ಮೆಮೊರಾಂಡಮ್, ಆರ್‌ಬಿಐ ಆದೇಶ ಓದಬೇಕು. ಹಳೆಯ ಥೀಸಿಸ್‌ಗಳಲ್ಲಿ ಕೆಲವು ಸ್ಕ್ಯಾನ್ ಮಾಡಿದವು, ಅದರೊಳಗೆ ಪದ ಹುಡುಕಲು ಆಗುವುದಿಲ್ಲ, ಕಣ್ಣಿನಿಂದಲೇ ಓದಬೇಕು. ಒಪ್ಪಿಗೆ ಪಡೆದ ಥೀಸಿಸ್ ಎಲ್ಲವೂ ಒಂದೇ ಗುಣಮಟ್ಟದ್ದೂ ಅಲ್ಲ. ಒಳ್ಳೆಯದು ಯಾವುದು ಅಂತ ಗುರುತಿಸಲು ಒಂದಷ್ಟು ಜರ್ನಲ್ ಲೇಖನ ಓದಿ ಕಣ್ಣು ಪಳಗಿರಬೇಕು. ಆ ಲೇಖನಗಳಿಗೆ 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಇದೆ. ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿರುವ ಯೋಜನೆ. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸುಮಾರು 13,000 ಜರ್ನಲ್ ತೆರೆದಿದೆ. ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯನ್ನು ಕೇಳಿ. ಇದನ್ನು ನಡೆಸುವುದೂ ಅದೇ ಇನ್‌ಫ್ಲಿಬ್‌ನೆಟ್.

ಶೋಧಗಂಗೋತ್ರಿ ಅಂತ ಇದರದೇ ಜೊತೆಯ ತಾಣವೊಂದಿದೆ. ಅಲ್ಲಿ ಮುಗಿದ ಥೀಸಿಸ್ ಅಲ್ಲ, ನಡೆಯುತ್ತಿರುವ ಸಂಶೋಧನೆಗಳ ಸಿನಾಪ್ಸಿಸ್ ಇರುತ್ತವೆ. ನಿಮ್ಮ ಪ್ರಶ್ನೆಯನ್ನು ಈಗಾಗಲೇ ಯಾರಾದರೂ ಕೈಗೆತ್ತಿಕೊಂಡಿದ್ದಾರಾ ಅಂತ ಅಲ್ಲಿ ನೋಡಿ. ನನ್ನ ಸಹೋದ್ಯೋಗಿಗಳಲ್ಲೂ ಬಹಳ ಜನ ಅದನ್ನು ತೆರೆದಿಲ್ಲ.

ದುಡ್ಡು ತೆಗೆದುಕೊಂಡು ಟಾಪಿಕ್ ಕೊಡುವ ಕನ್ಸಲ್ಟೆನ್ಸಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನನ್ನ ಗೆಳತಿಯೊಬ್ಬಳಿಗೆ ಅಂಥ ಒಂದು ಕಡೆಯಿಂದ ಶೀರ್ಷಿಕೆಗಳ ಪಟ್ಟಿ ಬಂತು. ಇಬ್ಬರೂ ಕೂತು ಒಂದೊಂದನ್ನೇ ಶೋಧಗಂಗಾದಲ್ಲಿ ಹಾಕಿ ನೋಡಿದೆವು. ಹೆಚ್ಚಿನವು ಊರು, ಉದ್ಯಮದ ಹೆಸರು ಬದಲಾದ ಹಳೆಯ ಶೀರ್ಷಿಕೆಗಳೇ. ಯಾವುದರಲ್ಲೂ ಪ್ರಶ್ನೆ ಇಲ್ಲ, ತಾರೀಖಿಲ್ಲ, ಅಂಕಿ-ಅಂಶ ಎಲ್ಲಿ ಸಿಗುತ್ತದೆ ಅಂತ ಒಂದು ಸಾಲೂ ಇಲ್ಲ. ಅವಳದು ಹಳ್ಳಿಯ ಮನೆ, ಅತಿಥಿ ಉಪನ್ಯಾಸಕಿಯ ಸಂಬಳ. ಆ ದುಡ್ಡು ಹೋಗಿದ್ದಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಐದಾರು ವರ್ಷ ಜೊತೆಗೆ ಬಾಳಬೇಕಾದ ವಿಷಯವನ್ನು ಬೇರೆಯವರ ಪಟ್ಟಿಯಿಂದ ಆರಿಸಿಕೊಳ್ಳಬೇಡಿ.

ರೇಟಿಂಗ್ ಕೇಳಿದರೆ, ವಿಷಯ ಹುಡುಕುವ ಕೆಲಸಕ್ಕೆ ಶೋಧಗಂಗಾಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಬಳಸುವವರು ಒಂದು ಸಣ್ಣ ಕೆಲಸ ಮಾಡಿ. ನೋಡಿದ ಪ್ರತಿ ಥೀಸಿಸ್‌ನ ಹ್ಯಾಂಡಲ್ ಸಂಖ್ಯೆ (ಆ ಥೀಸಿಸ್ ಪುಟದ ಕಾಯಂ ಕೊಂಡಿಯ ಸಂಖ್ಯೆ) ಬರೆದಿಡಿ. ಅದು 10603 ಅಂತ ಶುರುವಾಗುತ್ತದೆ, ಬದಲಾಗುವುದಿಲ್ಲ. ಅದರ ಪಕ್ಕ ಕಂಪನಿಗಳು, ಅವಧಿ, ಮೂಲ ಅಂತ ಮೂರು ಕಾಲಂ ಹಾಕಿ. ಡಿಆರ್‌ಸಿಯಲ್ಲಿ "ಇದರಲ್ಲಿ ಹೊಸದೇನು?" ಅಂತ ಕೇಳಿದಾಗ ಆ ಒಂದು ಹಾಳೆ ಮೇಜಿನ ಮೇಲೆ ಇಟ್ಟರೆ ಸಾಕು, ಮುಂದಿನ ಮಾತು ಮೆಥಡಾಲಜಿ ಬಗ್ಗೆಯೇ ನಡೆಯುತ್ತದೆ.